ಎಆರ್‌ಟಿ ಶುರುವಾದ ಮೇಲೆ ಮರಳುವ ಜ್ವರ

ಕ್ಷಯ ಮತ್ತು ಎಚ್‌ಐವಿ ಎರಡೂ ಇರುವವರಿಗೆ ಮೊದಲು ಕ್ಷಯದ ಮಾತ್ರೆ, ಕೆಲವು ದಿನಗಳ ಬಳಿಕ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಆರಂಭಿಸುತ್ತಾರೆ. ಜ್ವರ ಇಳಿದು, ಊಟ ಸೇರತೊಡಗಿ, ತೂಕವೂ ಒಂದಿಷ್ಟು ಏರುತ್ತಿರುವಾಗ, ಎಆರ್‌ಟಿ ಆರಂಭವಾದ ಎರಡು ಮೂರು ವಾರಗಳಲ್ಲಿ ಕೆಲವರಿಗೆ ಜ್ವರ ಮರಳುತ್ತದೆ. ಕುತ್ತಿಗೆಯ ಗಂಟು ಮೊದಲಿಗಿಂತ ದಪ್ಪವಾಗುತ್ತದೆ, ಕೆಮ್ಮು ಹೆಚ್ಚುತ್ತದೆ. ಸಕಲೇಶಪುರ, ಆಲೂರು ಕಡೆಯ ತೋಟದ ಲೈನ್ ಮನೆಗಳಿಂದ ಹಾಸನಕ್ಕೆ ಬರುವವರು ಆಪ್ತಸಮಾಲೋಚಕಿಯಾದ ನನಗೆ ಹೇಳುವುದು ಒಂದೇ ಮಾತು: "ಹೊಸ ಮಾತ್ರೆ ಆಗಿಬರ್ಲಿಲ್ಲ ಮೇಡಂ, ಬಿಟ್ಬಿಟ್ಟೆ." ಕಾಫಿ ಕೊಯ್ಲಿನ ದಿನಗಳಲ್ಲಿ ಜ್ವರವೆಂದು ಮಲಗಿದರೆ ಕೂಲಿ ಹೋಗುತ್ತದೆ, ಹಾಗಾಗಿ ಅವರ ಲೆಕ್ಕಾಚಾರವನ್ನು ಮೂರ್ಖತನವೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಆದರೂ ಬಿಡಬಾರದು.

ಸೋಂಕಿನ ವಿರುದ್ಧ ಹೋರಾಡುವ ಸಿಡಿ4 ಎಂಬ ಬಿಳಿ ರಕ್ತಕಣಗಳು ಎಚ್‌ಐವಿಯಿಂದ ತೀರ ಕುಸಿದಿರುವಾಗ, ಕ್ಷಯದ ರೋಗಾಣು ಮೈತುಂಬ ಹರಡಿದ್ದರೂ ಅದರ ಮೇಲೆ ತಿರುಗಿಬೀಳುವ ಶಕ್ತಿ ದೇಹಕ್ಕಿರುವುದಿಲ್ಲ. ಎಆರ್‌ಟಿ ವೈರಸ್ಸನ್ನು ಹತೋಟಿಗೆ ತಂದೊಡನೆ ಆ ಶಕ್ತಿ ಮರಳುತ್ತದೆ, ಮತ್ತು ಸತ್ತ ರೋಗಾಣುಗಳ ಅವಶೇಷದ ಮೇಲೂ ಅಳತೆ ಮೀರಿ ಎರಗುತ್ತದೆ. ಜ್ವರವೂ ಊತವೂ ಆ ಅತಿರೇಕದ ಫಲ. ವೈದ್ಯರು ಇದನ್ನು ಐರಿಸ್ ಎನ್ನುತ್ತಾರೆ. ಅಡಗಿದ್ದ ಕ್ಷಯ ಎಆರ್‌ಟಿ ಆರಂಭವಾದ ಮೇಲೆಯೇ ಮೊದಲ ಬಾರಿಗೆ ಬಯಲಾಗುವುದೂ ಉಂಟು.

ಸಿಡಿ4 ಕಡಿಮೆಯಿದ್ದಷ್ಟೂ, ಎರಡು ಚಿಕಿತ್ಸೆಗಳ ನಡುವಿನ ಅಂತರ ಕಿರಿದಾದಷ್ಟೂ ಐರಿಸ್ ಸಾಧ್ಯತೆ ಹೆಚ್ಚು. ಹಾಗಾದರೆ ಎಆರ್‌ಟಿಯನ್ನು ತಡವಾಗಿಯೇ ಕೊಡಬಹುದಲ್ಲ ಎಂಬ ಪ್ರಶ್ನೆ ಸಹಜ. ಕಾಂಬೋಡಿಯಾದಲ್ಲಿ 661 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು: ಎಂಟು ವಾರ ಕಾದವರಿಗಿಂತ ಎರಡು ವಾರದಲ್ಲೇ ಎಆರ್‌ಟಿ ಆರಂಭಿಸಿದವರಲ್ಲಿ ಐರಿಸ್ ಹೆಚ್ಚಾಗಿತ್ತು, ಆದರೆ ಸಾವಿನ ಅಪಾಯ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಕೆಲವು ವಾರಗಳ ಜ್ವರವನ್ನು ಸಹಿಸಿಯಾದರೂ ಜೀವ ಉಳಿಸಿಕೊಳ್ಳುವುದೇ ಲೇಸೆಂಬ ಈ ತೀರ್ಮಾನ ನನಗೂ ಒಪ್ಪಿಗೆ. ಮೆದುಳಿನ ಪೊರೆಯ ಕ್ಷಯ ಮಾತ್ರ ಇದಕ್ಕೆ ಹೊರತು. ಅಲ್ಲಿ ಊತವೇ ಪ್ರಾಣಕ್ಕೆ ಎರವಾಗಬಹುದಾದ್ದರಿಂದ ನಾಲ್ಕರಿಂದ ಎಂಟು ವಾರ ಕಾಯುತ್ತಾರೆ.

ಆದರೆ ಮರಳಿದ ಜ್ವರವೆಲ್ಲ ಐರಿಸ್ ಅಲ್ಲ. ಇದನ್ನು ಖಚಿತಪಡಿಸುವ ಒಂದೇ ಪರೀಕ್ಷೆ ಇಲ್ಲದ ಕಾರಣ, ಔಷಧಕ್ಕೆ ಬಗ್ಗದ ಕ್ಷಯವೋ, ಮಾತ್ರೆ ತಪ್ಪಿದ್ದೋ, ಬೇರೆ ಸೋಂಕೋ ಎಂದು ವೈದ್ಯರು ಒಂದೊಂದಾಗಿ ನೋಡಬೇಕಾಗುತ್ತದೆ. ತೊಂದರೆ ತೀವ್ರವಾಗಿದ್ದರೆ ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಕೊಡುತ್ತಾರೆ. ಆ ಹೆಸರು ಕೇಳಿಕೊಂಡು ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವವರೂ ಇದ್ದಾರೆ. ಔಷಧಕ್ಕೆ ಬಗ್ಗದ ಕ್ಷಯವಿದ್ದರೆ ಅದರಿಂದ ರೋಗ ಇನ್ನಷ್ಟು ಉಲ್ಬಣಿಸುತ್ತದೆ. ಕ್ಷಯದ ಔಷಧ ರಿಫಾಂಪಿಸಿನ್, ಎಚ್‌ಐವಿಯ ಔಷಧ ಡೊಲುಟೆಗ್ರಾವಿರ್‌ನ ಮಟ್ಟವನ್ನು ತಗ್ಗಿಸುವುದರಿಂದ ಹೆಚ್ಚುವರಿಯಾಗಿ ಕೊಡುವ 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಮಾತ್ರೆಯನ್ನೂ ಈ ಗೊಂದಲದಲ್ಲಿ ಬಿಟ್ಟುಬಿಡುತ್ತಾರೆ.

ಎಆರ್‌ಟಿಯ ಮೊದಲ ಮಾತ್ರೆ ಕೈಗಿಡುವ ದಿನವೇ ಇಷ್ಟನ್ನೂ ಹೇಳಿಬಿಡಬೇಕೆಂಬುದು ನನ್ನ ಅಭಿಪ್ರಾಯ. ಜ್ವರ ಬಂದರೆ ಎರಡೂ ಮಾತ್ರೆಗಳನ್ನು ಮುಂದುವರಿಸುತ್ತಲೇ ಎಆರ್‌ಟಿ ಕೇಂದ್ರಕ್ಕೆ ಫೋನ್ ಮಾಡಬೇಕು. ಉಸಿರು ಕಟ್ಟಿದಂತಾದರೆ, ಬಿಡದ ತಲೆನೋವು, ವಾಂತಿ ಅಥವಾ ಮಂಪರು ಕಂಡರೆ, ಮುಂದಿನ ಮಾತ್ರೆಯ ತಾರೀಕಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೊರಡಬೇಕು.