ಡಮ್ಮಿ ಕೋವಿ ಮನೆಯಲ್ಲಿ ಇಟ್ಟುಕೊಳ್ಳಬಹುದಾ?

ನಮ್ಮ ಅಂಗಡಿಗೆ ಬರುವವರು ಬಾಡಿಗೆ ಎಷ್ಟು ಅಂತ ಕೇಳುವುದಕ್ಕೂ ಮುಂಚೆ ಕೇಳುವುದು ಇದನ್ನೇ. "ಅಕ್ಕ, ಇದನ್ನ ತಗೊಂಡೋದ್ರೆ ಪೊಲೀಸ್ರು ಹಿಡಿಯಲ್ವಾ?"

ಮಂಡ್ಯದಲ್ಲಿ ನಮ್ಮದು ನಾಟಕದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಜಾಸ್ತಿ ಹೋಗುವುದು ಪೌರಾಣಿಕ ನಾಟಕದ ಸಾಮಾನು: ಕಿರೀಟ, ಭುಜಕೀರ್ತಿ, ಗದೆ, ಬಿಲ್ಲು-ಬಾಣ. ಭೀಮನ ಗದೆಯನ್ನು ಹೆಗಲ ಮೇಲೆ ಇಟ್ಟುಕೊಂಡು ಬೈಕಿನಲ್ಲಿ ಹೋದರೆ ಜನ ನೋಡಿ ಖುಷಿಪಡುತ್ತಾರೆ. ಅದೇ ಒಂದು ಮರದ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಲಿ, ಹತ್ತಿರ ನಿಂತವರು ದೂರ ಸರಿಯುತ್ತಾರೆ. ಹಾಗಾಗಿ ಆ ಪ್ರಶ್ನೆ ಕೇಳುವವರ ಬಗ್ಗೆ ನನಗೆ ಗೌರವ ಇದೆ. ಕೇಳದೆ ಒಯ್ಯುವವರ ಬಗ್ಗೆಯೇ ನನಗೆ ಭಯ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಸೆಕ್ಷನ್ನಿನಲ್ಲೇ ಆಯುಧ ಅಂದರೆ ಯಾವುದು, ಯಾವುದು ಅಲ್ಲ ಅಂತ ಬರೆದಿದೆ. ಲಾಠಿ, ಊರುಗೋಲಿನಂಥ ಮನೆಬಳಕೆ ಮತ್ತು ಬೇಸಾಯದ ವಸ್ತುಗಳು ಅದರಲ್ಲಿ ಬರುವುದಿಲ್ಲ. ಆಟಿಕೆಯಾಗಿ ಬಿಟ್ಟರೆ ಬೇರೆ ಯಾವುದಕ್ಕೂ ಬಾರದ, ಕೆಲಸ ಮಾಡುವ ಆಯುಧವಾಗಿ ಬದಲಾಯಿಸಲೂ ಆಗದ ವಸ್ತುಗಳೂ ಬರುವುದಿಲ್ಲ. ಈ ಎರಡನೇ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ನೋಡೋಕೆ ಆಟಿಕೆ ಥರ ಇದ್ದರೆ ಸಾಲದು, ಅದನ್ನು ನಿಜವಾದ ಕೋವಿ ಮಾಡಲು ಸಾಧ್ಯವೇ ಇರಬಾರದು. ಅದೇ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಲೈಸೆನ್ಸ್ ಇಲ್ಲದೆ ನಕಲಿ ಕೋವಿಯನ್ನು ಅಸಲಿಯಾಗಿ ಪರಿವರ್ತಿಸುವುದು ಅಪರಾಧ. 2019ರ ತಿದ್ದುಪಡಿ ಆದಮೇಲೆ ಅದಕ್ಕೆ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ.

ಅದಕ್ಕೇ ನಮ್ಮ ಕೋವಿಗಳ ನಳಿಗೆಯಲ್ಲಿ ತೂತೇ ಇರುವುದಿಲ್ಲ. ಗಟ್ಟಿ ಮರವನ್ನು ಲೇತಿನಲ್ಲಿ ಗುಂಡಗೆ ಕಡೆಸುತ್ತೇವೆ. ತುದಿಯಲ್ಲಿ ಕಪ್ಪು ಪೇಂಟಿನಿಂದ ಒಂದು ವೃತ್ತ, ಅಷ್ಟೇ. ಮುಂದಿನ ಸಾಲಿನಲ್ಲಿ ಕೂತವರಿಗೂ ಅದು ತೂತಿನ ಹಾಗೇ ಕಾಣುತ್ತದೆ. ಕುದುರೆ (ಟ್ರಿಗರ್) ಅಲುಗಾಡುವುದಿಲ್ಲ, ಮರದಲ್ಲೇ ಕೆತ್ತಿದ್ದು. ಕೆಲವಕ್ಕೆ ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರವನ್ನೇ ತರಿಸುತ್ತೇನೆ. ಹಗುರ ಇರುತ್ತದೆ, ನಯವಾಗಿ ಬರುತ್ತದೆ, ಶಾಲೆ ಮಕ್ಕಳು ಹಿಡಿದು ನಿಂತರೂ ಕೈ ನೋಯುವುದಿಲ್ಲ. ಕಬ್ಬಿಣದ ಪೈಪ್ ಹಾಕಿಸಿ, ಅಸಲಿ ಥರ ಭಾರ ಬರಲಿ ಅಂತ ಎಷ್ಟೋ ನಿರ್ದೇಶಕರು ಕೇಳಿದ್ದಾರೆ. ನಾನು ಒಪ್ಪುವುದಿಲ್ಲ. ಭಾರ ಇದೆ ಅಂತ ತೋರಿಸುವುದು ನಟನ ಕೆಲಸ ಅಲ್ವಾ?

ಶಬ್ದ ಹೇಗೆ ಅಂತೀರಾ? ರಂಗದ ಮೇಲೆ ಕೈ ಎತ್ತಿದ ಕೂಡಲೇ ಪಕ್ಕದಲ್ಲಿ ಕೂತ ರಿದಂ ಪ್ಯಾಡ್‌ನವರು ಒಂದು ಏಟು ಕೊಡುತ್ತಾರೆ. ಸೈಡ್ ವಿಂಗ್ ಹಿಂದೆ ಪಟಾಕಿ ಹೊಡೆಯುವ ತಂಡಗಳೂ ಇವೆ. ಖಾಲಿ ತೋಟಾ (ಗುಂಡಿಲ್ಲದೆ ಮದ್ದು ಮಾತ್ರ ಇರುವುದು) ಹಾರಿಸುವ ಬಂದೂಕನ್ನು ಮಾತ್ರ ನಮ್ಮ ಅಂಗಡಿಗೆ ಸೇರಿಸಿಲ್ಲ, ಸೇರಿಸುವುದೂ ಇಲ್ಲ. 2021ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಚಿತ್ರೀಕರಣದ ರಿಹರ್ಸಲ್ ನಡೆಯುವಾಗ ನಟನ ಕೈಲಿದ್ದ ಕೋವಿಯಿಂದ ನಿಜವಾದ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ತೀರಿಕೊಂಡರು. ಅಷ್ಟು ದೊಡ್ಡ ಚಿತ್ರತಂಡದಲ್ಲೇ ಹೀಗಾದರೆ, ರಾತ್ರಿಯಿಡೀ ನಡೆಯುವ ಊರ ನಾಟಕದಲ್ಲಿ ಯಾರು ಕಾಯುತ್ತಾರೆ?

ಕೆಲವರು ಬೇರೆ ಥರದ ಉಪಾಯ ತರುತ್ತಾರೆ. ತಾತನ ಕಾಲದ ನಾಡಕೋವಿ ಅಟ್ಟದ ಮೇಲಿದೆ, ತುಕ್ಕು ಹಿಡಿದಿದೆ, ಅದನ್ನೇ ನಾಟಕಕ್ಕೆ ಇಟ್ಟುಕೊಳ್ಳಿ ಅಂತ. ಹಿಂದೆ ಬೆಳೆ ಕಾಯಲು ಲೈಸೆನ್ಸ್ ತೆಗೆದುಕೊಂಡಿದ್ದ ಮನೆಗಳಲ್ಲಿ ಇಂಥವು ಉಳಿದಿರುತ್ತವೆ. ಕಾಯ್ದೆಯ 45ನೇ ಸೆಕ್ಷನ್ ಹಳೇ ಮಾದರಿಯ, ಪುರಾತನ ಬೆಲೆಯುಳ್ಳ ಅಥವಾ ಕೆಟ್ಟುಹೋದ ಕೋವಿಗೆ ವಿನಾಯಿತಿ ಕೊಡುವುದು ನಿಜ. ಆದರೆ ಅದಕ್ಕೊಂದು ಷರತ್ತಿದೆ: ರಿಪೇರಿ ಮಾಡಿದರೂ ಅದು ಕೋವಿಯಾಗಿ ಬಳಕೆಗೆ ಬರುವಂತಿರಬಾರದು. ತುಕ್ಕು ಹಿಡಿದಿದೆ ಅನ್ನುವುದು ಸಾಕಾಗಲ್ಲ. ತುಕ್ಕನ್ನು ಒಳ್ಳೇ ಕಮ್ಮಾರ ಒಂದು ದಿನದಲ್ಲಿ ತೆಗೆಯುತ್ತಾನೆ. ಅಂಥದ್ದು ಮನೆಯಲ್ಲಿದ್ದರೆ ಠಾಣೆಗೆ ಹೋಗಿ ತಿಳಿಸಿ ಅನ್ನುತ್ತೇನೆ, ಅಂಗಡಿಯೊಳಗೆ ಬಿಟ್ಟುಕೊಳ್ಳುವುದಿಲ್ಲ. "ಕೊಡಗಿನಲ್ಲಿ ಲೈಸೆನ್ಸ್ ಬೇಡ್ವಂತಲ್ಲ?" ಅಂತಲೂ ಕೇಳುತ್ತಾರೆ. ಅದು ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಇರುವ ವಿನಾಯಿತಿ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಮಂಡ್ಯದ ಅಟ್ಟಕ್ಕೆ ಅದು ಅನ್ವಯಿಸುವುದಿಲ್ಲ.

ಏರ್‌ಗನ್ ಕೂಡ ಡಮ್ಮಿ ಅಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ನಳಿಗೆಯ ತೂತು 0.177 ಇಂಚಿನೊಳಗೆ, ಶಕ್ತಿ 20 ಜೂಲ್ ಒಳಗೆ ಇರುವುದಕ್ಕೆ ಲೈಸೆನ್ಸ್ ಬೇಡ. ಆದರೂ ಅದರಿಂದ ಸೀಸದ ಪೆಲೆಟ್ ಹಾರುತ್ತದೆ, ಕಣ್ಣು ಹೋಗುತ್ತದೆ. ರಂಗದ ಮೇಲೆ ಅದಕ್ಕೆ ಜಾಗ ಇಲ್ಲ.

ಹಾಗಾದರೆ ಡಮ್ಮಿ ಕೋವಿ ಎಲ್ಲೆಲ್ಲಿ ಬೇಕಾಗುತ್ತದೆ? ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿ ಕಡೆ. ಎನ್‌ಸಿಸಿ ಮಕ್ಕಳು ಕವಾಯತಿಗೆ ಹಿಡಿಯುವ ಡಿಪಿ ರೈಫಲ್ ನೋಡಿ, ಗುಂಡು ಹಾರದಂತೆ ಮಾಡಿದ ಹಳೇ ರೈಫಲ್ ಅದು. ಮೈಸೂರು ದಸರೆಯ ಮೆರವಣಿಗೆಯ ಸ್ತಬ್ಧಚಿತ್ರಗಳ ಮೇಲೆ ಸೈನಿಕರ ವೇಷದವರು ನಿಲ್ಲುತ್ತಾರಲ್ಲ, ಅವರ ಕೈಗೂ ಇಂಥವೇ ಬೇಕು. (ಅದೇ ದಿನ ಅರಮನೆ ಹತ್ತಿರ ಹಾರುವ 21 ಕುಶಾಲತೋಪು ಮಾತ್ರ ನಿಜವಾದ ಫಿರಂಗಿಯದು. ಅದರ ಸದ್ದಿಗೆ ಆನೆಗಳನ್ನು ಮೊದಲೇ ತಾಲೀಮು ಮಾಡಿಸಿ ಒಗ್ಗಿಸುತ್ತಾರೆ.) ನನಗೆ ಎಲ್ಲಕ್ಕಿಂತ ಇಷ್ಟ ಆಗಸ್ಟ್ 15ರ ಶಾಲಾ ರೂಪಕಗಳು. ನಮ್ಮ ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇದನ್ನು ಐದನೇ ಕ್ಲಾಸಿನ ಮಕ್ಕಳು ಮಾಡಿ ತೋರಿಸುವಾಗ ಕೋವಿ ಹಿಡಿದ ಸಾಲು ಎದುರಿಗೆ ಇರಲೇಬೇಕು. ಬರಿಗೈ ತೋರಿಸಿ ಢಂ ಅಂದರೆ ಆ ಜನ ಏನನ್ನು ಎದುರಿಸಿ ನಿಂತರು ಅನ್ನುವುದು ನೋಡುವವರಿಗೆ ತಟ್ಟುವುದಿಲ್ಲ. ಆ ರೂಪಕಗಳಿಗೆ ನಾನು ಬಾಡಿಗೆ ತೆಗೆದುಕೊಳ್ಳುವುದಿಲ್ಲ.

ರೀಲ್ಸ್ ಮಾಡುವ ಹುಡುಗರಿಗೆ ಕೊಡುವುದಿಲ್ಲ. "ಅಕ್ಕೋ, ಸುಮ್ನೆ ಒಂದ್ ವಿಡಿಯೊಗೆ, ಸಾಯಂಕಾಲ್ಕೆ ತಂದ್ಕೊಡ್ತೀನಿ" ಅಂತ ಬರುತ್ತಾರೆ. ಕಳಿಸಿಬಿಡುತ್ತೇನೆ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಮಚ್ಚು ಹಿಡಿದು ರೀಲ್ಸ್ ಮಾಡಿದ ಇಬ್ಬರು ಬಂಧನಕ್ಕೆ ಒಳಗಾದಾಗ, ಅದು ಅಸಲಿಯೋ ಫೈಬರಿನದ್ದೋ ಅನ್ನುವುದೇ ತನಿಖೆಯ ದೊಡ್ಡ ಪ್ರಶ್ನೆಯಾಗಿತ್ತು. ಇನ್ನು ಡಮ್ಮಿ ತೋರಿಸಿ ಯಾರದಾದರೂ ಸರ ಕಿತ್ತುಕೊಂಡರೆ ಅದು ಸುಲಿಗೆಯೇ, ಹೆದರಿಸಿದರೆ ಅದು ಬೆದರಿಕೆಯೇ. ಭಾರತೀಯ ನ್ಯಾಯ ಸಂಹಿತೆ ನೋಡುವುದು ಎದುರಿನವನಿಗೆ ಹುಟ್ಟಿಸಿದ ಭಯವನ್ನು. ಎದುರಿಗಿದ್ದ ಹೆಂಗಸಿಗೆ ಅದು ಮರದ್ದು ಅಂತ ಹೇಗೆ ಗೊತ್ತಾಗಬೇಕು?

ಈ ವಿಷಯದಲ್ಲಿ ನನ್ನನ್ನು ಬಹಳ ಕಾಡುವುದು ಟಮೀರ್ ರೈಸ್ ಎಂಬ ಹುಡುಗನ ಕಥೆ. 2014ರ ನವೆಂಬರ್, ಅಮೆರಿಕದ ಕ್ಲೀವ್‌ಲ್ಯಾಂಡ್. ಹನ್ನೆರಡು ವರ್ಷದ ಮಗು ಪಾರ್ಕಿನಲ್ಲಿ ಪ್ಲಾಸ್ಟಿಕ್ ಗುಂಡಿನ ನಕಲಿ ಪಿಸ್ತೂಲು ಹಿಡಿದು ಆಡುತ್ತಿದ್ದ. ಅಲ್ಲಿ ಇಂಥ ಪಿಸ್ತೂಲಿನ ತುದಿಗೆ ಕಿತ್ತಳೆ ಬಣ್ಣದ ಗುರುತು ಇರುತ್ತದೆ, ಇವನ ಪಿಸ್ತೂಲಿನಲ್ಲಿ ಅದು ಇರಲಿಲ್ಲ. ಪೊಲೀಸ್ ಕಾರು ಬಂದು ನಿಂತ ಕೆಲವೇ ಸೆಕೆಂಡಿನಲ್ಲಿ ಗುಂಡು ಹೊಡೆದರು. ಹುಡುಗ ಬದುಕಲಿಲ್ಲ. ತಪ್ಪು ಪೊಲೀಸರದ್ದು ಅಂತಲೇ ನಾನು ನಂಬಿದ್ದೇನೆ. ಆದರೂ ಇದನ್ನು ಓದಿದ ಮೇಲೆ ನಮ್ಮಲ್ಲಿರುವ ಎಲ್ಲಾ ಕೋವಿಗಳ ಹಿಡಿಗೂ ಅಗಲವಾದ ಕಿತ್ತಳೆ ಪಟ್ಟಿ ಬಳಿಸಿದೆ. ನಟ ಕೈಯಲ್ಲಿ ಹಿಡಿದಾಗ ಅದು ಮುಚ್ಚಿಹೋಗುತ್ತದೆ, ಕೆಳಗಿಟ್ಟ ಕೂಡಲೇ ದೂರಕ್ಕೆ ಕಾಣುತ್ತದೆ.

ಸಾಗಿಸುವುದಕ್ಕೂ ಪದ್ಧತಿ ಇದೆ. ನಮ್ಮ ಕೋವಿಗಳು ಗೋಣಿ ಚೀಲದಲ್ಲಿ ಸುತ್ತಿ, ಟ್ರಂಕಿನಲ್ಲಿ ಬೀಗ ಹಾಕಿಯೇ ಹೋಗಬೇಕು. ಜೊತೆಗೆ ನಾಟಕದ ಕರಪತ್ರ, ನಮ್ಮ ಅಂಗಡಿಯ ರಸೀದಿ, ಊರಿನ ಠಾಣೆಗೆ ಕೊಟ್ಟ ಪತ್ರದ ನಕಲು. ಚೆಕ್‌ಪೋಸ್ಟಿನಲ್ಲಿ ಒಂದು ತಂಡದ ಗಾಡಿ ನಿಲ್ಲಿಸಿದ್ದಾಗ ಈ ಮೂರು ಕಾಗದ ನೋಡಿ ನಗುತ್ತಾ ಬಿಟ್ಟರಂತೆ, ಯಾವತ್ತು ನಾಟಕ ಅಂತಲೂ ಕೇಳಿದರಂತೆ. ವಿಮಾನದಲ್ಲಿ ಹೋಗುವ ತಂಡಕ್ಕೆ ಕೈಚೀಲದಲ್ಲಿ ಆಟಿಕೆ ಪಿಸ್ತೂಲನ್ನೂ ಇಡಬೇಡಿ ಅಂತ ಹೇಳಿ ಕಳಿಸುತ್ತೇನೆ, ಬಿಡುವುದಿಲ್ಲ. ಚುನಾವಣೆ ಹೊತ್ತಿನಲ್ಲಿ ಲೈಸೆನ್ಸ್ ಇರುವವರು ಕೋವಿಗಳನ್ನು ಠಾಣೆಗೆ ಒಪ್ಪಿಸುತ್ತಾರೆ. ಮರದ ಕೋವಿಗೆ ಅದು ಅನ್ವಯಿಸುವುದಿಲ್ಲ, ಆದರೂ ಆ ದಿನಗಳಲ್ಲಿ ಬಾಡಿಗೆ ನಿಲ್ಲಿಸುತ್ತೇನೆ.

ಬ್ರಿಟನ್ನಿನಲ್ಲಿ 2006ರ ಕಾಯ್ದೆಯಿಂದ ಅಸಲಿಯಂತೆಯೇ ಕಾಣುವ ನಕಲಿ ಕೋವಿಯ ಮಾರಾಟಕ್ಕೆ ನಿಷೇಧ ಇದೆ. ಆದರೆ ನಾಟಕ, ಸಿನಿಮಾ, ಮ್ಯೂಸಿಯಂಗಳಿಗೆ ವಿನಾಯಿತಿ ಬರೆದಿಟ್ಟಿದ್ದಾರೆ. ಇಂಥ ಸ್ಪಷ್ಟ ಮಾತು ನಮ್ಮಲ್ಲೂ ಬೇಕು. ಏನು ಕೊಡಬಹುದು, ಯಾರಿಗೆ ಕೊಡಬಹುದು, ಯಾವ ಕಾಗದ ಇಟ್ಟುಕೊಳ್ಳಬೇಕು ಅಂತ ಕನ್ನಡದಲ್ಲಿ ಒಂದೇ ಪುಟ ಬರೆದು ಪ್ರತಿ ಠಾಣೆಯಲ್ಲೂ ಅಂಟಿಸಿದರೆ ಸಾಕು. ಈ ಬಗ್ಗೆ ಜಿಲ್ಲಾಡಳಿತಕ್ಕೆ ಮನವಿ ಬರೆಯುತ್ತಿದ್ದೇನೆ. ಮೈಸೂರು, ಮಂಡ್ಯ ಕಡೆ ನಾಟಕದ ಸಾಮಾನು ಬಾಡಿಗೆಗೆ ಕೊಡುವವರು, ರಂಗತಂಡದವರು, ಶಾಲೆಯ ಮೇಷ್ಟ್ರುಗಳು ಯಾರಾದರೂ ಸಹಿ ಹಾಕುವುದಾದರೆ ಅಂಗಡಿಗೆ ಬನ್ನಿ. ಮಂಗಳವಾರ ರಜೆ.