ಹೆಜ್ಜೆ ಎಣಿಸಿದ ರಜೆ

ಗದಗಿನ ಗಾಡಿಗೆ ಇನ್ನೂ ನಲವತ್ತು ನಿಮಿಷ ಇತ್ತು. ಮಕ್ಕಳಿಬ್ಬರೂ ಆಗಲೇ ಮೊಬೈಲಿಗೆ ಕೈ ಚಾಚಿದ್ದರು. ಇವರು ಮಗನ ಹೆಗಲು ಹಿಡಿದು ತಿರುಗಿಸಿದರು. "ಇಲ್ನೋಡು, ನಮ್ಮ ಹುಬ್ಬಳ್ಳಿ ಪ್ಲಾಟ್‌ಫಾರ್ಮ್ ಜಗತ್ತಿನ್ಯಾಗ ಎಲ್ಲಾಕಿಂತ ಉದ್ದಂದು. 1,507 ಮೀಟರ್. ನಿನ್ನ ಹೆಜ್ಜಿಲೆ ಎಷ್ಟಾಕ್ಕಾವ, ಎಣಸು ನೋಡೂಣು."

2023ರ ಮಾರ್ಚ್‌ನಲ್ಲಿ ಅದರ ಉದ್ಘಾಟನೆಯಾದಾಗ ನಾವೂ ಹೆಮ್ಮೆಪಟ್ಟವರೇ. ಆದರೆ ಈ ತುದಿಯಿಂದ ಆ ತುದಿಗೆ ಒಮ್ಮೆಯೂ ನಡೆದಿರಲಿಲ್ಲ. ಊರವರು ಯಾರು ನಡೆಯುತ್ತಾರೆ? ಮಗ ಬಾಯಲ್ಲಿ ಅಂಕಿ ಗುನುಗುತ್ತಾ ಮುಂದೆ, ಮಗಳು ಅವನ ಲೆಕ್ಕ ತಪ್ಪಿಸಲು ಬೇಕೆಂದೇ "ನಾಕು, ನಲ್ವತ್ತು" ಎನ್ನುತ್ತಾ ಹಿಂದೆ. 1,180ಕ್ಕೆ ಬಂದಾಗ ಮೈಕು ಕೂಗಿತು. ನಮ್ಮ ಗಾಡಿ ಬರುವುದು ಬೇರೆ ಪ್ಲಾಟ್‌ಫಾರ್ಮಿಗಂತೆ! ಚೀಲ, ನೀರಿನ ಬಾಟಲಿ, ರೊಟ್ಟಿಬುತ್ತಿ ಹೊತ್ತುಕೊಂಡು ಓಡಿದ ಓಟ ನನ್ನ ಮೊಣಕಾಲಿಗೆ ಇನ್ನೂ ನೆನಪಿದೆ. ಸೀಟಿನಲ್ಲಿ ಕೂತ ಮೇಲೂ ಮಗ ಅಣ್ಣಿಗೇರಿಯವರೆಗೆ ಮುಖ ಊದಿಸಿಕೊಂಡಿದ್ದ. ಗಾಡಿ ತಪ್ಪುತ್ತಿತ್ತೆಂದಲ್ಲ, ಲೆಕ್ಕ ಅರ್ಧಕ್ಕೇ ನಿಂತಿತೆಂದು.

ಅದು 2024ರ ಡಿಸೆಂಬರ್ 28, ಕ್ರಿಸ್‌ಮಸ್ ರಜೆಯ ನಡುವಿನ ಶನಿವಾರ. 30ಕ್ಕೆ ಎಳ್ಳ ಅಮಾಸಿ, ಹೊಲದಲ್ಲಿ ಪೂಜೆ ಮಾಡಿ ಎಡೆಯನ್ನು ಚರಗವೆಂದು ಬೆಳೆಗೆ ಚೆಲ್ಲುವ ಹಬ್ಬ. ಶಿರಹಟ್ಟಿ ತಾಲ್ಲೂಕಿನ ಚಿಗವ್ವ "ಚರಗಕ್ಕ ಬರ್ರಿ, ಹುಡುಗೂರು ಹೊಲಾ ನೋಡ್ಲಿ" ಎಂದು ಮೂರು ಸಲ ಫೋನ್ ಮಾಡಿದ್ದಳು. ಹೇಗೂ ಹೊರಟಿದ್ದೇವೆ ಅಂತ ನಾನು ವೀರನಾರಾಯಣ ಗುಡಿ, ಲಕ್ಕುಂಡಿ, ಮಾಗಡಿ ಕೆರೆ ಎಲ್ಲ ಸೇರಿಸಿ ಒಂದು ಪಟ್ಟಿಯನ್ನೇ ಮಾಡಿದ್ದೆ. ಅದನ್ನು ಓದಿ ಇವರು ಕೇಳಿದ್ದು ಒಂದೇ: "ನಾವು ಹೊಂಟದ್ದು ಊರಿಗೋ, ಪರೀಕ್ಷಾಕ್ಕೋ?"

ಗದಗಿನ ವೀರನಾರಾಯಣ ಗುಡಿಯಲ್ಲಿ ನನ್ನ ಪಾಠ ಶುರುವಾಯಿತು. ಕೋಳಿವಾಡದ ನಾರಣಪ್ಪ, ಅಂದರೆ ಕುಮಾರವ್ಯಾಸ, ಈ ಕಂಬದ ಹತ್ತಿರವೇ ಕೂತು ಭಾರತ ಬರೆದನಂತೆ. ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕೂರುತ್ತಿದ್ದನಂತೆ, ಬಟ್ಟೆ ಒಣಗುವ ತನಕ ಮಾತ್ರ ಪದ್ಯ ಹರಿಯುತ್ತಿತ್ತಂತೆ. ಮಗ ಕಂಬವನ್ನು ಮುಟ್ಟಿ ನೋಡಿದ. "ಹಂಗಾರ ಬ್ಯಾಸಗ್ಯಾಗ ಹೋಂವರ್ಕ್ ಲಗೂನ ಮುಗೀತಿತ್ತು, ಹೌದಿಲ್ಲೋ?" ಪಕ್ಕದಲ್ಲಿ ಜಪ ಮಾಡುತ್ತಿದ್ದ ಅಜ್ಜ ಕಣ್ಣು ತೆರೆದು ನಕ್ಕರು. ನನ್ನ ಪಾಠ ಅಲ್ಲಿಗೆ ಮುಗಿಯಿತು.

ಲಕ್ಕುಂಡಿಯ ಬಸ್ಸಿನಲ್ಲಿ ಇನ್ನೊಂದು ಜಗಳ. ಶಕ್ತಿ ಯೋಜನೆಯಲ್ಲಿ ನನಗೂ ಏಳು ವರ್ಷದ ಮಗಳಿಗೂ ಸೊನ್ನೆ ರೂಪಾಯಿಯ ಟಿಕೆಟ್, ಹತ್ತರ ಮಗನಿಗೆ ಅರ್ಧ, ಅವರಪ್ಪನಿಗೆ ಪೂರ್ತಿ. "ನಂಗ್ಯಾಕ ರೊಕ್ಕಾ?" ಎಂದು ಮಗ ಕಂಡಕ್ಟರರನ್ನೇ ತಡವಿದ. ಮಗಳು ಆ ಸೊನ್ನೆ ಟಿಕೆಟನ್ನು ನಾಲ್ಕು ಮಡಿಕೆ ಮಾಡಿ ಫ್ರಾಕಿನ ಕಿಸೆಗೆ ಹಾಕಿಕೊಂಡಳು. ಮೂರು ದಿನ ಆ ಕಿಸೆಗೆ ಯಾರೂ ಕೈ ಹಾಕುವ ಹಾಗಿರಲಿಲ್ಲ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವನ್ನು ನಾನೊಬ್ಬಳೇ ನಿಧಾನ ನೋಡಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಆ ತಾಯಿಯ ಕಥೆ ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ. ಮಕ್ಕಳು ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯ ಮೆಟ್ಟಿಲಿಗೆ ಅಂಟಿಕೊಂಡಿದ್ದರು. ಗೋಡೆಯೊಳಗಿನ ಪುಟ್ಟ ಪುಟ್ಟ ಗುಡಿಗಳಲ್ಲಿ ಯಾವುದು ಯಾರ ಮನೆ ಎಂದು ಹಂಚಿಕೊಳ್ಳುವುದರಲ್ಲೇ ಒಂದು ತಾಸು ಹೋಯಿತು. ಮುಂದೆ ಬಸ್ ಬದಲಿಸಿದ ಒಂದು ನಿಲ್ದಾಣದಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ. ಮಗಳನ್ನು ಎತ್ತಿಕೊಂಡು ಹೋಟೆಲ್ ಹೋಟೆಲ್ ಅಲೆದೆ. ಮಕ್ಕಳನ್ನು ಕಟ್ಟಿಕೊಂಡು ಹೊರಡುವವರು ಇಳಿದಲ್ಲೆಲ್ಲ ಮೊದಲು ಈ ಕೆಲಸ ಮುಗಿಸಿ, ಶಿಲ್ಪಕಲೆ ಆಮೇಲೆ.

ಶಾಲೆಗೆ ಏಳಿಸಬೇಕಾದರೆ ಮುಖಕ್ಕೆ ನೀರು ಚಿಮುಕಿಸಬೇಕಾದ ಮಕ್ಕಳು ಭಾನುವಾರ ಐದಕ್ಕೇ ಎದ್ದು ಕೂತಿದ್ದರು. ಚಿಗವ್ವನ ಗಂಡ ಕಾಕಾ ಇಬ್ಬರ ಕಿವಿಗೂ ಮಫ್ಲರ್ ಸುತ್ತಿದರು. ಮಾಗಡಿ ಕೆರೆಯ ದಂಡೆಯಲ್ಲಿ ಮಂಜು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. "ಎಲ್ಲೈತಿ ಹಕ್ಕಿ?" ಎಂದು ಮಗಳು ರಾಗ ತೆಗೆಯುವಷ್ಟರಲ್ಲಿ ಸದ್ದು ಬಂತು. ಮೊದಲು ದೂರದಲ್ಲಿ ಬಂಡಿಯ ಗಾಲಿ ಕಿರುಗುಟ್ಟಿದ ಹಾಗೆ, ಆಮೇಲೆ ತಲೆಯ ಮೇಲೆಯೇ. ಸಾಲು ಸಾಲಾಗಿ ಬಂದು ರೆಕ್ಕೆ ಓರೆ ಮಾಡಿ ನೀರಿಗೆ ಇಳಿದವು ಪಟ್ಟೆತಲೆಯ ಹೆಬ್ಬಾತುಗಳು. ಬಿಸಿಲು ಬಿದ್ದ ಮೇಲೆ ಬಿಳಿ ತಲೆಯ ಹಿಂದಿನ ಎರಡು ಕಪ್ಪು ಪಟ್ಟೆಗಳೂ ಕಂಡವು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಈ ಹಕ್ಕಿಗಳು ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯ್ದು ಹಗಲು ಕೆರೆಯಲ್ಲಿ ವಿಶ್ರಮಿಸುತ್ತವೆ. ಇದೇ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು.

"ಮೇಯೂದು ಯಾರ ಹೊಲಾ ಕೇಳ್ರಿ" ಎಂದರು ಕಾಕಾ. ಅವರ ಕಡಲೆಯನ್ನೂ ಬಿಟ್ಟಿಲ್ಲವಂತೆ. ಓಡಿಸುವುದಿಲ್ಲವೇ ಎಂದು ಮಗ ಕೇಳಿದ. "ಅಷ್ಟು ದೂರದಿಂದ ಬಂದ ಬೀಗರು, ಉಣಬ್ಯಾಡ ಅನ್ನಾಕ ಬರ್ತೈತೇನು? ಹಿಕ್ಕಿ ಹಾಕಿ ಹೋಗ್ತಾವ, ಗೊಬ್ಬರಾ ಆಕ್ಕೈತಿ." ಹೇಳುವಾಗ ಅವರ ಮುಖದಲ್ಲಿ ನಗುವೂ ಇತ್ತು, ನೋವೂ ಇತ್ತು.

ಸೋಮವಾರ ನಸುಕಿನಲ್ಲಿ ಚಿಗವ್ವ ನನ್ನನ್ನು ಎಬ್ಬಿಸಿದಳು. ಕಾಕಾನ ಹಳೆಯ ತೆಳು ಧೋತರವನ್ನು ಹಿಂದಿನ ಸಂಜೆಯೇ ಮನೆಯ ಹಿಂದಿನ ಹೊಲದಲ್ಲಿ ಕಡಲೆ ಗಿಡಗಳ ಮೇಲೆ ಹಾಸಿ ಬಂದಿದ್ದಳು. ಇಬ್ಬನಿಗೆ ಗಿಡದ ಹುಳಿ ಬಿಟ್ಟು ಬಟ್ಟೆಯೆಲ್ಲ ತೊಯ್ದಿತ್ತು. ನಾವಿಬ್ಬರೂ ಎರಡು ತುದಿ ಹಿಡಿದು ಹಿಂಡಿದರೆ ಬೋಗುಣಿಗೆ ಬಿದ್ದದ್ದು ಎರಡು ಹಿಡಿಯಷ್ಟು ಕಂದು ನೀರು. ಬೆರಳ ಸಂದಿಯ ಚಿಕ್ಕ ಗೀರು ಚುರುಚುರು ಎಂದಿತು. ಹೊಟ್ಟೆನೋವಿಗೆ ಇದರ ನಾಲ್ಕು ಹನಿ ನೀರಿಗೆ ಹಾಕಿ ಕುಡಿಯುವುದು ಚಿಗವ್ವನ ಮನೆಯ ಪದ್ಧತಿ. ಬಾಗಿಲಲ್ಲಿ ಕಣ್ಣುಜ್ಜುತ್ತಾ ನಿಂತ ಮಗಳು ಆ ಒದ್ದೆ ಬಟ್ಟೆಯನ್ನೇ ನೋಡಿದಳು. "ಇದು ಕುಮಾರವ್ಯಾಸಂದಾ?" ಆಮೇಲೆ ಬೋಗುಣಿಗೆ ಬೆರಳದ್ದಿ ನೆಕ್ಕಿ, ಒಂದು ಕಣ್ಣು ಮುಚ್ಚಿ, ಮತ್ತೆ ಅದ್ದಿದಳು. ಮನೆಯಲ್ಲಿ ಹುಣಸೆಹುಳಿ ಹೆಚ್ಚಾಯಿತೆಂದು ಸಾರು ಬಿಡುವವಳು ಇವಳೇ!

ಹೊಲಕ್ಕೆ ಚಕ್ಕಡಿಯಲ್ಲಿ ಹೋಗುವ ಕನಸು ಕಂಡಿದ್ದೆ, ಬಾಗಿಲಿಗೆ ಬಂದದ್ದು ಟ್ರ್ಯಾಕ್ಟರ್. ಬನ್ನಿ ಗಿಡದ ಕೆಳಗೆ ಸುಣ್ಣ ಹಚ್ಚಿದ ಐದು ಕಲ್ಲು ಇಟ್ಟು ಚಿಗವ್ವ ಕುಂಕುಮ ಏರಿಸಿದಳು. ಪಾಂಡವರು ಎಂದಳು. "ಗದಗಿನ ಗುಡ್ಯಾಗ ಬರೆದ್ರಲ್ಲ, ಅವರಾ?" ಎಂದ ಮಗ. ಹೌದೆಂದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಬದುವಿನಿಂದ ಒಂದು ಕಲ್ಲು ಆರಿಸಿ ತಂದು ಐದರಿಂದ ಗೇಣು ದೂರ ಇಡುತ್ತಿದ್ದ. ಕರ್ಣನಂತೆ. ಚಿಗವ್ವ ಏನೂ ಕೇಳಲಿಲ್ಲ, ಅದಕ್ಕೂ ಒಂದು ಬೊಟ್ಟು ಇಟ್ಟಳು.

ಮುಂಗಾರಿ ಬೆಳೆಗೆ ಶೀಗಿ ಹುಣ್ಣಿಮೆ ಇದ್ದ ಹಾಗೆ ಹಿಂಗಾರಿಗೆ ಎಳ್ಳ ಅಮಾಸಿ. ಜೋಳಕ್ಕೆ ತೆನೆ, ಕಡಲೆಗೆ ಕಾಯಿ, ಭೂಮ್ತಾಯಿ ಬಸುರಿ ಎಂಬ ಲೆಕ್ಕ. ಕಾಕಾ "ಹುಲ್ಲುಲ್ಲಿಗೋ" ಎಂದು ಕೂಗುತ್ತಾ ಚರಗ ಚೆಲ್ಲಿದರೆ ಹಿಂದೆ ತಂಬಿಗೆ ಹಿಡಿದ ಮಕ್ಕಳ ಕೂಗು ಅವರಿಗಿಂತ ಜೋರು. ಗಂಟಲು ಕಟ್ಟುವವರೆಗೆ ಕೂಗಿ ಬಂದು ಉಣ್ಣಲು ಕೂತರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಅಗಸಿ ಹಿಂಡಿ, ಶೇಂಗಾ ಹೋಳಿಗೆ. ಮಗಳು ರೊಟ್ಟಿ ಮುರಿದು ಹಿಂಡಿಯಲ್ಲಿ ಅದ್ದಿ, ಖಾರಕ್ಕೆ ಸೀ ಎಂದು ಮೊಸರು ನೆಕ್ಕಿ, ಎರಡನೆಯದಕ್ಕೆ ಕೈ ಚಾಚಿದಳು. "ಇನ್ನೊಂದು ತುತ್ತು" ಎಂದು ಹೇಳುವ ಕೆಲಸ ಅವತ್ತು ನನಗಿರಲಿಲ್ಲ. ಹುಬ್ಬಳ್ಳಿಗೆ ಬಂದ ಮೇಲೆ ಅದೇ ರೊಟ್ಟಿ ಬಡಿದೆ, ತಿನ್ನಲಿಲ್ಲ. ಅದು ಬೇರೆ ಮಾತು.

31ರ ರಾತ್ರಿ ಹುಬ್ಬಳ್ಳಿಯಲ್ಲಿ ಇಳಿದಾಗ ಮಗಳು ಅಪ್ಪನ ಹೆಗಲ ಮೇಲೆ ನಿದ್ದೆಹೋಗಿದ್ದಳು. ನನ್ನ ಕೈಯಲ್ಲಿ ಚಿಗವ್ವ ಕಟ್ಟಿಕೊಟ್ಟ ಸುಲಗಾಯಿ, ಅಂದರೆ ಹಸಿ ಕಡಲೆಕಾಯಿಯ ಗಂಟು. ನಡೀರಿ ಮನೆಗೆ ಎಂದರೆ ಮಗ ಕದಲಲಿಲ್ಲ. "ಅಮ್ಮಾ, ಆ ಪ್ಲಾಟ್‌ಫಾರ್ಮು." ಈ ತುದಿಯಿಂದ ಮತ್ತೆ ಒಂದು ಎಂದು ಶುರು ಮಾಡಿದ. ಅಡ್ಡ ಬಂದ ಟ್ರಂಕುಗಳನ್ನು, ಮಲಗಿದವರನ್ನು ಸುತ್ತಿ ದಾಟಿದ ಹೆಜ್ಜೆಗಳನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಒಮ್ಮೆ ಮಾತ್ರ ನಿಂತ. ಆ ತುದಿ ಮುಟ್ಟಿದಾಗ 2,743.

"ಮೊಬೈಲ್ ಕೊಡು" ಎಂದ. ನನ್ನ ಮುಖ ನೋಡಿ, "ಗೇಮಿಗಲ್ಲ, ಭಾಗಾಕಾರಕ್ಕ" ಎಂದ. ಅವನ ಒಂದು ಹೆಜ್ಜೆ ಹತ್ತಿರ ಹತ್ತಿರ 55 ಸೆಂಟಿಮೀಟರ್. ಅದನ್ನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡ ಮೇಲೆ, ಹೊರಗೆ ಹೋಗುವ ದಾರಿ ನಾವು ಹಿಂದೆಯೇ ಬಿಟ್ಟು ಬಂದಿದ್ದೇವೆಂದು ಇವರಿಗೆ ನೆನಪಾಯಿತು.