ಬೈವಾಟರ್‌ನ ಮೂಲೆ ಬಾರಿನಲ್ಲಿ ಹಳೆಯ ಜಾಝ್

ನ್ಯೂ ಆರ್ಲಿಯನ್ಸ್‌ನ ಹಳೆಯ ಜಾಝ್ ನನಗೆ ಮೊದಲು ಪರಿಚಯವಾದದ್ದು ಧ್ವನಿಮುದ್ರಣಗಳಿಂದ. ಲೂಯಿ ಆರ್ಮ್‌ಸ್ಟ್ರಾಂಗ್ 1925ರಿಂದ ಷಿಕಾಗೋದಲ್ಲಿ 'ಹಾಟ್ ಫೈವ್' ತಂಡದೊಂದಿಗೆ ಮಾಡಿದ ಮುದ್ರಣಗಳನ್ನು ವರ್ಷಗಟ್ಟಲೆ ಕೇಳಿ, ಈ ಸಂಗೀತ ನನಗೆ ಗೊತ್ತು ಎಂದೇ ಭಾವಿಸಿದ್ದೆ. ಆದರೆ ಆ ತಂಡದ ಮೊದಲ ರೂಪದಲ್ಲಿ ಡ್ರಮ್ಸ್ ಇಲ್ಲ, ಬಾಸ್ ವಾದ್ಯವೂ ಇಲ್ಲ. ಅದಕ್ಕೂ ಹಿಂದಿನ, ಮೈಕ್ರೋಫೋನ್ ಬರುವುದಕ್ಕೆ ಮೊದಲಿನ ಮುದ್ರಣಗಳಲ್ಲಂತೂ ದೊಡ್ಡ ಡ್ರಮ್ಮಿನ ಪೆಟ್ಟು ಬಿದ್ದಾಗ ಮುದ್ರಣ ಕೊರೆಯುವ ಸೂಜಿಯೇ ಎಗರುತ್ತಿದ್ದುದರಿಂದ, ತಾಳವಾದ್ಯಗಳನ್ನು ದೂರ ಇಡುತ್ತಿದ್ದರು ಇಲ್ಲವೇ ಬಿಟ್ಟೇ ಬಿಡುತ್ತಿದ್ದರು. ಹಾಗಾಗಿ ಈ ಸಂಗೀತದ ಅರ್ಧ ಭಾಗವನ್ನು ಗ್ರಾಮಫೋನ್ ತಟ್ಟೆಗಳಿಂದ ತಿಳಿಯಲು ಸಾಧ್ಯವೇ ಇಲ್ಲ. ಆ ಅರ್ಧವನ್ನು ನನಗೆ ಕೇಳಿಸಿದ್ದು ಬೈವಾಟರ್ ಬಡಾವಣೆಯ ಒಂದು ಸಣ್ಣ ಬಾರು.

ನಾನಿರುವ ಹ್ಯೂಸ್ಟನ್‌ನಿಂದ ನ್ಯೂ ಆರ್ಲಿಯನ್ಸ್‌ಗೆ ಕಾರಿನಲ್ಲಿ ಐದಾರು ಗಂಟೆಯ ದಾರಿ. ಪ್ರವಾಸಿಗರು ಕಿಕ್ಕಿರಿಯುವ ಫ್ರೆಂಚ್ ಕ್ವಾರ್ಟರ್ ದಾಟಿ, ಮಿಸ್ಸಿಸಿಪಿ ಹರಿಯುವ ದಿಕ್ಕಿನಲ್ಲೇ ಮುಂದಕ್ಕೆ ಹೋದರೆ ಮ್ಯಾರಿನಿ, ಅದರಾಚೆ ಬೈವಾಟರ್. ಕೋಣೆಯ ಹಿಂದೆ ಕೋಣೆ ಸಾಲಾಗಿ ಜೋಡಿಸಿದ ಕಿರಿದಾದ ಮರದ ಮನೆಗಳ ನಡುವೆ, ಬೀದಿಯ ಮೂಲೆಯಲ್ಲಿರುವ ಈ ಬಾರಿಗೆ ಬರುವವರಲ್ಲಿ ಹೆಚ್ಚಿನವರು ಅಕ್ಕಪಕ್ಕದವರೇ. ವೇದಿಕೆ ಎಂಬುದಿಲ್ಲ, ಕಿಟಕಿಯ ಬಳಿ ಎರಡು ಮೇಜು ಸರಿಸಿದರೆ ಅದೇ ತಂಡದ ಜಾಗ. ಹಾಡುವವರಿಗೊಂದು ಮೈಕ್ ಬಿಟ್ಟರೆ ವಾದ್ಯಗಳೆಲ್ಲ ತಮ್ಮ ಸ್ವಂತ ದನಿಯಲ್ಲೇ ನುಡಿಯುತ್ತವೆ. ಊರಿನ ಬಾರುಗಳಲ್ಲಿ ಧೂಮಪಾನ ನಿಷೇಧವಾದದ್ದು 2015ರಲ್ಲಿ. ರಾತ್ರಿಯಿಡೀ ಉಸಿರನ್ನೇ ನಂಬಿ ನುಡಿಸುವ ಕಲಾವಿದರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲವೆಂದು ನನಗನ್ನಿಸುತ್ತದೆ.

ಮುಂದಿನ ಸಾಲಿನಲ್ಲಿ ಟ್ರಂಪೆಟ್, ಕ್ಲಾರಿನೆಟ್, ಟ್ರೋಂಬೋನ್. ಹಿಂದೆ ಬ್ಯಾಂಜೋ, ಟ್ಯೂಬಾ, ಡ್ರಮ್ಸ್. ನಮ್ಮ ಕರ್ನಾಟಕ ಸಂಗೀತ ಕಚೇರಿಯಲ್ಲಿ ಮನೋಧರ್ಮಕ್ಕೆ, ಅಂದರೆ ಆ ಕ್ಷಣದಲ್ಲೇ ಕಲ್ಪಿಸಿಕೊಳ್ಳುವ ಸಂಗೀತಕ್ಕೆ, ಒಂದು ಸರದಿಯಿದೆ: ಗಾಯಕರು ಆಲಾಪನೆ ಮಾಡುವಾಗ ಪಿಟೀಲು ಹಿಂಬಾಲಿಸುತ್ತದೆ, ಆಮೇಲೆ ಪಿಟೀಲಿನ ಸರದಿ ಬರುತ್ತದೆ. ಇಲ್ಲಿ ಮೂವರ ಮನೋಧರ್ಮವೂ ಒಟ್ಟಿಗೇ ನಡೆಯುತ್ತದೆ. ಟ್ರಂಪೆಟ್ ಮೂಲ ಧಾಟಿಯನ್ನು ಹಿಡಿದುಕೊಂಡಿದ್ದರೆ, ಕ್ಲಾರಿನೆಟ್ ಅದರ ಮೇಲಿನ ಸ್ಥಾಯಿಯಲ್ಲಿ ಬಿಡುವಿಲ್ಲದೆ ಹೆಣೆಯುತ್ತ ಹೋಗುತ್ತದೆ, ಟ್ರೋಂಬೋನ್ ಕೆಳಗಿನಿಂದ ಜಾರುತ್ತ ಬಂದು ಒಂದು ಸಾಲಿನ ಕೊನೆಯನ್ನು ಮುಂದಿನ ಸಾಲಿನ ಆರಂಭಕ್ಕೆ ಸೇರಿಸುತ್ತದೆ. ಒಬ್ಬರು ಬಿಟ್ಟ ಜಾಗವನ್ನು ಇನ್ನೊಬ್ಬರು ತುಂಬಬೇಕು, ಮೂರನೆಯವರು ಅದೇ ಜಾಗಕ್ಕೆ ನುಗ್ಗಬಾರದು. ಇದು ಸಾಧ್ಯವಾಗುವುದು ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಿಸುವಷ್ಟು ಹತ್ತಿರ ನಿಂತಾಗ ಮಾತ್ರ. ದೊಡ್ಡ ಉತ್ಸವಗಳಲ್ಲೂ ಈ ಸಂಗೀತವನ್ನು ಕೇಳಿದ್ದೇನೆ. ಅಲ್ಲಿ ಪ್ರತಿ ವಾದ್ಯಕ್ಕೂ ಒಂದೊಂದು ಮೈಕ್ ಇರುತ್ತದೆ, ಆದರೆ ಈ ಹೆಣಿಗೆ ಸಡಿಲವಾಗಿರುತ್ತದೆ.

ಈಚಿನ ಒಂದು ರಾತ್ರಿ, ಬಿಡುವಿನ ನಂತರದ ಎರಡನೆಯ ಸುತ್ತಿನ ವಾದನದಲ್ಲಿ, ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಕ್ಲಾರಿನೆಟ್ ಹಿಡಿದು ಬಾಗಿಲ ಬಳಿ ನಿಂತಿದ್ದಳು. ತಂಡದ ಹಿರಿಯ ಟ್ರಂಪೆಟ್ ವಾದಕರು ಗಲ್ಲ ಎತ್ತಿ ಅವಳನ್ನು ಕರೆದರು. ಮಾತಿಲ್ಲ, ಬರೆದ ಸ್ವರಗಳ ಹಾಳೆಯೂ ಇಲ್ಲ. ಅವರು ಎರಡು ಬೆರಳನ್ನು ನೆಲದ ಕಡೆಗೆ ತೋರಿಸಿದರು; ಎರಡು ಫ್ಲಾಟ್ (ಅರ್ಧ ಸ್ಥಾನ ಇಳಿಸಿದ ಸ್ವರ), ಅಂದರೆ ಬಿ ಫ್ಲಾಟ್ ಶ್ರುತಿ. ಬೆರಳು ಮೇಲಕ್ಕಿದ್ದರೆ ಶಾರ್ಪ್‌ಗಳ, ಅಂದರೆ ಅರ್ಧ ಸ್ಥಾನ ಏರಿಸಿದ ಸ್ವರಗಳ ಲೆಕ್ಕ. ಹುಡುಗಿ ಮೊದಲ ಆವರ್ತದಲ್ಲಿ ಅಳುಕುತ್ತ ನುಡಿಸಿದಳು. ಎರಡನೆಯದರಲ್ಲಿ ಹಿರಿಯರು ಬೇಕೆಂದೇ ತಮ್ಮ ಸಾಲನ್ನು ಮೊಟಕುಗೊಳಿಸಿ ಜಾಗ ಬಿಟ್ಟರು, ಅವಳು ಆ ಜಾಗವನ್ನು ಹಿಡಿದಳು, ಬ್ಯಾಂಜೋ ನುಡಿಸುತ್ತಿದ್ದವರು ತಲೆಯೆತ್ತಿ ನಕ್ಕರು. ಎಲ್ಲರ ಸರದಿ ಮುಗಿದ ಮೇಲೆ ಹಿರಿಯರು ನಡುನೆತ್ತಿಯನ್ನು ತಟ್ಟಿಕೊಂಡರು: ಮೊದಲ ಧಾಟಿಗೆ ಹಿಂತಿರುಗಿ ಎಂಬ ಸಂಜ್ಞೆ ಅದು. ಆಮೇಲೆ ಆರೂ ಜನರೊಡನೆ ಅವಳೂ ಸೇರಿ ಕೊನೆಯ ಆವರ್ತವನ್ನು ಏರುದನಿಯಲ್ಲಿ ನುಡಿಸಿ ನಿಲ್ಲಿಸಿದರು. ಮುಗಿಯಿತೆಂದು ನಾವು ಚಪ್ಪಾಳೆಗೆ ಕೈಯೆತ್ತುವಷ್ಟರಲ್ಲಿ ಡ್ರಮ್ಸ್ ಒಂಟಿಯಾಗಿ ನಾಲ್ಕು ಬಾರ್ (ತಾಳದ ನಾಲ್ಕು ಎಣಿಕೆ ಒಂದು ಬಾರ್) ಬಾರಿಸಿತು, ಮತ್ತೆ ಇಡೀ ತಂಡ ನುಗ್ಗಿ ಕೊನೆಯ ಎಂಟು ಬಾರ್‌ಗಳನ್ನು ಇನ್ನೊಮ್ಮೆ ನುಡಿಸಿ ಮುಗಿಸಿತು. ಈ ಬಗೆಯ ಮುಕ್ತಾಯ ಬಹಳ ಹಳೆಯದು, ಎಲ್ಲರಿಗೂ ಗೊತ್ತಿರುವಂಥದ್ದು; ಆದರೂ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ.

ಮುದ್ರಣಗಳಲ್ಲಿ ಸಿಗದ ಆ ಪೆಟ್ಟು ಇಲ್ಲಿ ಎದೆಗೇ ಬಂದು ತಾಗುತ್ತದೆ. ದೊಡ್ಡ ಡ್ರಮ್ಮು ಬೀದಿ ಮೆರವಣಿಗೆಯ ನಡೆಯಿಂದ ಬಂದದ್ದು. ನಾಲ್ಕನೆಯ ಪೆಟ್ಟಿಗೆ ಒತ್ತು ಕೊಟ್ಟು ಆ ನಡೆಯನ್ನು ಬಳುಕಿಸುವ ರೀತಿಯನ್ನು ಇಲ್ಲಿನವರು ಬಡ್ಡಿ ಬೋಲ್ಡನ್ ಕಾಲಕ್ಕೆ ಒಯ್ಯುತ್ತಾರೆ. 1877ರಲ್ಲಿ ಹುಟ್ಟಿ 1931ರಲ್ಲಿ ತೀರಿಕೊಂಡ ಬೋಲ್ಡನ್ ಅವರನ್ನು ಜಾಝ್‌ನ ಮೊದಲಿಗರೆಂದು ಗೌರವಿಸುತ್ತಾರೆ. ಮನೋರೋಗಕ್ಕೆ ತುತ್ತಾಗಿ 1907ರಲ್ಲಿ ಆಸ್ಪತ್ರೆ ಸೇರಿದ ಅವರು ಮತ್ತೆ ಹೊರಗೆ ಬರಲಿಲ್ಲ, ಅವರ ನುಡಿಸಾಣಿಕೆಯ ಒಂದು ಮುದ್ರಣವೂ ಉಳಿದಿಲ್ಲ. ಉಳಿದದ್ದೆಲ್ಲ ಕಿವಿಯಿಂದ ಕಿವಿಗೆ ಬಂದದ್ದು. ನರ್ತಿಸುವವರಿಲ್ಲದೆ ಆ ನಡೆಗೆ ಅರ್ಥವೂ ಇಲ್ಲ. 1961ರಲ್ಲಿ ಆರಂಭವಾಗಿ ಎಷ್ಟೋ ವೃದ್ಧ ಕಲಾವಿದರಿಗೆ ಮತ್ತೆ ಕೆಲಸ ಕೊಟ್ಟ ಪ್ರಿಸರ್ವೇಷನ್ ಹಾಲ್ ಎಂಬ ಜಾಝ್ ಸಭಾಂಗಣದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅಲ್ಲಿ ಬೆಂಚಿನ ಮೇಲೆ ಕುಳಿತು ಕೇಳುವುದು ಪದ್ಧತಿ. ಇಲ್ಲಿ ಎಪ್ಪತ್ತು ದಾಟಿದ ದಂಪತಿ ಎದ್ದು ನಿಂತು ಹೆಜ್ಜೆ ಹಾಕಿದೊಡನೆ ಡ್ರಮ್ಸ್‌ನವರ ಕಣ್ಣು ಅವರ ಪಾದಗಳ ಮೇಲೆ ನೆಡುತ್ತದೆ, ಲಯ ಕೂದಲೆಳೆಯಷ್ಟು ನಿಧಾನವಾಗುತ್ತದೆ.

ಈ ಪರಂಪರೆ ತಾನಾಗಿ ಉಳಿದು ಬಂದದ್ದಲ್ಲ. 1970ರ ದಶಕದ ಆರಂಭದಲ್ಲಿ ಬ್ಯಾಂಜೋ ಮತ್ತು ಗಿಟಾರ್ ವಾದಕ ಡ್ಯಾನಿ ಬಾರ್ಕರ್ ಅವರು ಫೇರ್‌ವ್ಯೂ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಹುಡುಗರ ಬ್ರಾಸ್ ಬ್ಯಾಂಡ್ (ಹಿತ್ತಾಳೆಯ ಊದುವಾದ್ಯ ಮತ್ತು ಡ್ರಮ್ಮುಗಳ ತಂಡ) ಕಟ್ಟದಿದ್ದರೆ ಒಂದು ಇಡೀ ಪೀಳಿಗೆ ಕೈತಪ್ಪಿ ಹೋಗುತ್ತಿತ್ತು. 1983ರಲ್ಲಿ ಹುಟ್ಟಿದ ರೀಬರ್ತ್ ಬ್ರಾಸ್ ಬ್ಯಾಂಡ್‌ನ ಸ್ಥಾಪಕರಲ್ಲೊಬ್ಬರಾದ ಟ್ರಂಪೆಟ್ ವಾದಕ ಕರ್ಮಿಟ್ ರಫಿನ್ಸ್ ಇದೇ ಬೈವಾಟರ್‌ನ ವಾನ್ಸ್ ಲೌಂಜ್‌ನಲ್ಲಿ ವರ್ಷಾನುಗಟ್ಟಲೆ ಪ್ರತಿ ಗುರುವಾರ ನುಡಿಸಿದರು. ಬಿಡುವಿನಲ್ಲಿ ಬಂದವರಿಗೆಲ್ಲ ರಾಜ್ಮಾ ಬೇಯಿಸಿದ ಪಲ್ಯದೊಂದಿಗೆ ಅನ್ನ ಸಿಗುತ್ತಿತ್ತು. ಊರಿಗೆ ಹೆಸರು ತಂದದ್ದು ಇಂಥ ಮೂಲೆಯ ಬಾರುಗಳೇ.

2005ರ ಕತ್ರೀನಾ ಚಂಡಮಾರುತದ ನಂತರ ಬೈವಾಟರ್‌ನಲ್ಲಿ ಬಾಡಿಗೆ ಏರಿ, ಅನೇಕ ಮನೆಗಳು ಪ್ರವಾಸಿಗರ ವಸತಿಗಳಾಗಿವೆ. ನುಡಿಸುವವರಲ್ಲಿ ಹಲವರು ದೂರದ ಬಡಾವಣೆಗಳಿಂದ ವಾದ್ಯ ಹೊತ್ತು ಬರುತ್ತಾರೆ. ಇಂಥ ಬಾರುಗಳಲ್ಲಿ ಬಹುಮಟ್ಟಿಗೆ ಪ್ರವೇಶ ಶುಲ್ಕವಿರುವುದಿಲ್ಲ, ಸುತ್ತಿನ ಕೊನೆಗೆ ಜನರ ನಡುವೆ ತಿರುಗುವ ಬಕೆಟ್ಟೇ ತಂಡದ ಸಂಪಾದನೆಯ ದೊಡ್ಡ ಪಾಲು. ಅದರಲ್ಲಿ ಒಂದು ಡಾಲರ್ ಹಾಕಿ ಮೂರು ಗಂಟೆ ಕುಳಿತಿರುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ನೀವು ಹೋದರೆ ನೋಟುಗಳನ್ನು ಚಿಲ್ಲರೆ ಮಾಡಿಸಿಕೊಂಡು ಹೋಗಿ, ಪ್ರತಿ ಸುತ್ತಿಗೂ ಹಾಕಿ, ತಂಡದ ಸಿ.ಡಿ. ಇದ್ದರೆ ಅವರ ಕೈಯಿಂದಲೇ ಕೊಳ್ಳಿ. ಜಾಗ ಸಿಕ್ಕರೆ ಕ್ಲಾರಿನೆಟ್ ಪಕ್ಕದಲ್ಲಿ ನಿಲ್ಲಿ, ಟ್ರಂಪೆಟ್‌ನ ನೇರ ಎದುರಿಗೆ ಬೇಡ. ಮತ್ತು ಎರಡನೆಯ ಸುತ್ತು ಮುಗಿಯುವ ಮುನ್ನ ಎದ್ದು ಬರಬೇಡಿ, ಹೊರಗಿನಿಂದ ವಾದ್ಯ ಹಿಡಿದು ಬರುವವರು ಆಗಲೇ ಒಳಗೆ ಬರತೊಡಗುತ್ತಾರೆ.